ಕ್ಯಾಸೆಟ್ ನಿಮ್ಮದು, ಕಾಪಿ ಎಲ್ಲಿಗೆ?

ತುಮಕೂರಿನ ನನ್ನ ಅಂಗಡಿಗೆ ಬರುವ ಹಳೇ ಟೇಪ್‌ಗಳಲ್ಲಿ ಮೂರು ಜಾತಿ. ದುಡ್ಡು ಕೊಟ್ಟು ತಂದ ಸಿನಿಮಾ ಹಾಡು, ಭಕ್ತಿಗೀತೆ ಒಂದು. ಮದುವೆಯ ವಿಡಿಯೋ ಕ್ಯಾಸೆಟ್ ಇನ್ನೊಂದು. ಊರಿನ ಪೌರಾಣಿಕ ನಾಟಕವನ್ನು ಯಾರೋ ಟೇಪ್‌ರೆಕಾರ್ಡರ್ ಇಟ್ಟು ಹಿಡಿದದ್ದು ಮೂರನೆಯದು. ತಂದವರ ಪ್ರಶ್ನೆ ಮಾತ್ರ ಒಂದೇ: "ಸಾರ್, ಇದನ್ನ ಪೆನ್‌ಡ್ರೈವ್‌ಗೆ ಹಾಕಿಸ್ಕೊಂಡ್ರೆ ತಪ್ಪೇನಿಲ್ಲ ಅಲ್ವಾ?"

ನಿಮ್ಮ ಮನೆಯಲ್ಲೇ ಕೇಳೋದಕ್ಕಾದರೆ ತಪ್ಪಿಲ್ಲ ಅಂತಲೇ ನಾನು ಹೇಳೋದು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ನ್ಯಾಯವಾದ ಉಪಯೋಗಕ್ಕೆ ಅವಕಾಶ ಕೊಟ್ಟಿದೆ. 2012ರ ತಿದ್ದುಪಡಿಯಾದ ಮೇಲೆ ರೆಕಾರ್ಡ್ ಆದ ಹಾಡು, ಸಿನಿಮಾಗೂ ಅದು ಸೇರಿತು. ಎಲ್ಲ ಕಡೆ ಹೀಗಿಲ್ಲ. ಬ್ರಿಟನ್ನಿನಲ್ಲಿ 2014ರಲ್ಲಿ ಇಂಥ ಅನುಮತಿ ಕೊಟ್ಟರು, ಮರುವರ್ಷವೇ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮಲ್ಲೂ "ನ್ಯಾಯವಾದ" ಅಂದರೆ ಎಷ್ಟು ಅಂತ ಕಾಯ್ದೆ ಅಳೆದು ಹೇಳಿಲ್ಲ. ಆ ಅಳತೆ ನಾವೇ ಇಟ್ಟುಕೊಳ್ಳಬೇಕು.

ಕಾಪಿ ಯಾಕೆ ಬೇಕು ಅನ್ನೋದು ಕ್ಯಾಸೆಟ್ ಕೈಗೆ ತಗೊಂಡರೆ ಗೊತ್ತಾಗುತ್ತೆ. ಟೇಪನ್ನು ಹೆಡ್‌ಗೆ, ಅಂದರೆ ಪ್ಲೇಯರ್‌ನಲ್ಲಿ ದನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಅಂಟು ಬಿಟ್ಟು ಒಳಗೇ ಬಿದ್ದಿರುತ್ತದೆ. ಸುರುಳಿಯ ಅಂಚಿಗೆ ಬಿಳಿ ಬೂಷ್ಟು. ಹಾಗೇ ಓಡಿಸಿದರೆ ಹೆಡ್ಡೂ ಹಾಳು, ಟೇಪೂ ಹಾಳು. ಪ್ಯಾಡ್ ಅಂಟಿಸಿ, ಬೂಷ್ಟು ತೆಗೆದು, ಒಂದೇ ಸಲ ಚೆನ್ನಾಗಿ ಓಡಿಸಿ, ದನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ಮಾಡಬೇಕು. ಸಿಡಿ ಗುಣಮಟ್ಟದಲ್ಲಿ 90 ನಿಮಿಷದ ಕ್ಯಾಸೆಟ್ ಸುಮಾರು 950 ಎಂಬಿ ಆಗುತ್ತದೆ. ನಾನು ದುಡ್ಡು ತಗೊಳ್ಳೋದು ಈ ಕೆಲಸಕ್ಕೆ, ಹಾಡಿಗಲ್ಲ.

ಅದೇ ಗಿರಾಕಿ "ಹಂಗೇ ಇನ್ನೊಂದು ಐದು ಪೆನ್‌ಡ್ರೈವ್‌ಗೆ ಹಾಕಿ, ನೆಂಟರಿಗೆ ಕೊಡ್ತೀನಿ" ಅಂದರೆ ಆಗಲ್ಲ ಅನ್ನುತ್ತೇನೆ. ಆಗ ನಾನು ಹಾಡು ಮಾರಿದ ಹಾಗೆ. ಮೊಬೈಲ್ ಅಂಗಡಿಗಳು ಮೆಮೊರಿ ಕಾರ್ಡ್ ತುಂಬಿಸಿ ಕೊಡುತ್ತಿದ್ದ ಕಾಲ ನೆನಪಿದೆಯಲ್ಲ, ಆ ವ್ಯಾಪಾರವೇ ಇದು. ಅದಕ್ಕೇ ಗಿರಾಕಿ ಫೈಲ್ ಕೇಳಿ ಸರಿ ಅಂದ ಕೂಡಲೇ ನನ್ನ ಹಾರ್ಡ್ ಡಿಸ್ಕ್‌ನಿಂದ ಅಳಿಸಿಬಿಡುತ್ತೇನೆ. ಕ್ಯಾಸೆಟ್ ಯಾರಿಗಾದರೂ ಮಾರುವುದಿದ್ದರೆ ಫೈಲನ್ನೂ ಅಳಿಸಿ ಅನ್ನುತ್ತೇನೆ. ಎಷ್ಟು ಜನ ಮಾಡುತ್ತಾರೋ!

ಮದುವೆ ಕ್ಯಾಸೆಟ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದುಡ್ಡು ಕೊಟ್ಟು ತೆಗೆಸಿದವರೇ ಅದರ ಮೊದಲ ಒಡೆಯರು ಅಂತ 17ನೇ ಸೆಕ್ಷನ್ ಹೇಳುತ್ತದೆ, ಸ್ಟುಡಿಯೋ ಜೊತೆ ಬೇರೆ ಒಪ್ಪಂದ ಇಲ್ಲದಿದ್ದರೆ.

ತೊಡಕು ಇರೋದು ನಾಟಕದ ಟೇಪಿನಲ್ಲಿ. ನಮ್ಮ ಕಡೆ ಪಾತ್ರಕ್ಕೆ ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಪದ್ಯ ಕಲಿತು ಕುಣಿಯುತ್ತಾರೆ. ಟೇಪ್ ನಿಮ್ಮ ಮನೆಯ ಪೆಟ್ಟಿಗೆಯಲ್ಲಿತ್ತು ನಿಜ. ಅದರೊಳಗೆ ನಿಮ್ಮ ತಂದೆಯ ದುರ್ಯೋಧನನ ಜೊತೆ ಪಕ್ಕದ ಬೀದಿಯವರ ಭೀಮನೂ ಇದ್ದಾನೆ, ಮೇಷ್ಟ್ರ ದನಿಯೂ ಇದೆ. ಹಾಡಿ ಆಡಿದವರಿಗೂ ಕಾಯ್ದೆಯಲ್ಲಿ ಹಕ್ಕಿದೆ. ಅದಕ್ಕೇ ಐದು ಪೆನ್‌ಡ್ರೈವ್ ಬೇಡ ಅನ್ನುವ ನಾನೇ, ಭೀಮನ ಮಗ ಒಂದು ಕಾಪಿ ಕೇಳಿದರೆ ಕೊಡಿ ಅನ್ನುತ್ತೇನೆ. ಅದು ಅವರದೂ ಹೌದು. ಯೂಟ್ಯೂಬ್‌ಗೆ ಹಾಕೋದಾದರೆ ಮಾತ್ರ ಪಾತ್ರಧಾರಿಗಳನ್ನೋ ಅವರ ಮನೆಯವರನ್ನೋ ಮೊದಲು ಕೇಳಿಕೊಂಡು ಬನ್ನಿ. ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ. "ನಮ್ಮಪ್ಪ ಪದ್ಯ ತಪ್ಪಿದ ಜಾಗ ಕತ್ತರಿಸಿಬಿಡಿ" ಅಂತಾರೆ, ಅಷ್ಟೇ. ಯೂಟ್ಯೂಬ್ ಫೈಲ್‌ನಲ್ಲಿ ಕತ್ತರಿಸುತ್ತೇನೆ. ಮನೆಯವರಿಗೆ ಕೊಡುವ ಪೂರ್ತಿ ಫೈಲ್‌ನಲ್ಲಿ ಹಾಗೇ ಇರಲಿ ಅಂತ ಬಿಡುತ್ತೇನೆ.