ನಾಯಿಗೆ ಬಿಸಿಲಿನಿಂದ ವಿಟಮಿನ್ ಡಿ ಸಿಗೋದಿಲ್ಲ

ಬೆಳಗಿನ ಎಳೆಬಿಸಿಲು ಬಾಗಿಲ ಬಳಿ ಬಿದ್ದ ಕೂಡಲೇ ನಾಯಿ ಅಲ್ಲಿ ಹೋಗಿ ಮಲಗುತ್ತದೆ. ಬಿಸಿಲು ಸರಿದಂತೆ ತಾನೂ ಸರಿಯುತ್ತದೆ. ನೋಡಿದವರು ವಿಟಮಿನ್ ಡಿ ತಗೊಳ್ತಾ ಇದೆ ಅಂದುಕೊಳ್ಳುತ್ತಾರೆ. ನಿಜಕ್ಕೂ ಅದಕ್ಕೆ ಸಿಗುತ್ತಿರುವುದು ಬೆಚ್ಚಗಿನ ಸುಖ ಅಷ್ಟೇ. ಬಿಸಿಲು ತಾಗಿದಾಗ ನಮ್ಮ ಚರ್ಮದಲ್ಲಿರುವ ಕೊಲೆಸ್ಟರಾಲ್‌ನಂಥ ಒಂದು ವಸ್ತು ವಿಟಮಿನ್ ಡಿ ಆಗಿ ಬದಲಾಗುತ್ತದೆ. ನಾಯಿಯ ಚರ್ಮದಲ್ಲಿ ಆ ವಸ್ತು ತೀರಾ ಕಡಿಮೆ. ಅಲ್ಲಿರುವ ಒಂದು ಕಿಣ್ವ ಅದನ್ನು ಬೇಗ ಬೇಗ ಮಾಮೂಲಿ ಕೊಲೆಸ್ಟರಾಲ್ ಮಾಡಿಬಿಡುತ್ತದೆ. ಹಾಗಾಗಿ ನಾಯಿಗೆ ಬೇಕಾದ ವಿಟಮಿನ್ ಡಿ ತಟ್ಟೆಯಿಂದಲೇ ಬರಬೇಕು.

ವಿಟಮಿನ್ ಸಿ ಕಥೆ ಪೂರ್ತಿ ಉಲ್ಟಾ. ನಾವು ಬಹಳ ದಿನ ಹಣ್ಣು ತರಕಾರಿ ಮುಟ್ಟದಿದ್ದರೆ ಒಸಡಲ್ಲಿ ರಕ್ತ ಬರುತ್ತದೆ. ನಾಯಿಯ ಲಿವರ್ ಗ್ಲೂಕೋಸ್‌ನಿಂದ ತನಗೆ ಬೇಕಾದ ಸಿ ತಾನೇ ಮಾಡಿಕೊಳ್ಳುತ್ತದೆ. ಆರೋಗ್ಯವಾಗಿರುವ ನಾಯಿಗೆ ಅದರ ಮಾತ್ರೆ ತರುವುದು ಸುಮ್ನೆ ದುಡ್ಡು ದಂಡ. ನಮಗೆ ಒಳ್ಳೆಯದಾದದ್ದು ಅದಕ್ಕೂ ಒಳ್ಳೆಯದು ಎಂಬ ಲೆಕ್ಕ ಇಲ್ಲೇ ತಪ್ಪಿತು ಅಲ್ವಾ?

ಈ ವಿಷಯದಲ್ಲಿ ನಾವು ನಾಯಿಗಳಿಗೆ ಋಣಿಗಳು. 1919ರಲ್ಲಿ ಬ್ರಿಟನ್ನಿನ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳನ್ನು ಮನೆಯೊಳಗೇ ಇಟ್ಟು ಓಟ್ಸ್ ಗಂಜಿಯಂಥ ಊಟ ಹಾಕಿದರು. ಮರಿಗಳಿಗೆ ರಿಕೆಟ್ಸ್ ಬಂತು, ಕಾಲು ಸೊಟ್ಟಗಾದವು. ಕಾಡ್ ಮೀನಿನ ಲಿವರ್ ಎಣ್ಣೆ ಆ ರೋಗವನ್ನು ತಡೆಯಿತು. ಆ ಎಣ್ಣೆಯ ಗುಟ್ಟು ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದೇ ವಿಟಮಿನ್ ಡಿ. 1937ರಲ್ಲಿ ಅಮೆರಿಕದ ಕಾನ್ರಾಡ್ ಎಲ್ವೆಹೆಮ್ ಅವರು ನಯಾಸಿನ್ ಎಂಬ ಬಿ ವಿಟಮಿನ್ ಕೊಟ್ಟು ನಾಯಿಗಳ 'ಕಪ್ಪು ನಾಲಿಗೆ' ರೋಗ ವಾಸಿ ಮಾಡಿದರು. ಮನುಷ್ಯರ ಪೆಲಾಗ್ರಾ ರೋಗಕ್ಕೂ ಅದೇ ಮದ್ದಾಯಿತು.

ಈಗ ನನಗೆ ತುಂಬ ಚಿಂತೆ ತರುವ ವಿಷಯ, ಕ್ಯಾಲ್ಸಿಯಂ. ಗ್ರೇಟ್ ಡೇನ್‌ನಂಥ ದೊಡ್ಡ ತಳಿಯ ಮರಿ ತಂದವರು ಮೂಳೆ ಗಟ್ಟಿಯಾಗಲಿ ಎಂದು ಊಟದ ಮೇಲೆ ಸಿರಪ್ ಸುರಿಯುತ್ತಾರೆ. ಪ್ರೀತಿಯಿಂದಲೇ. ಬೆಳೆದ ನಾಯಿಯ ಕರುಳು ಬೇಕಾದಷ್ಟು ಹೀರಿ ಉಳಿದದ್ದನ್ನು ಹೊರಗೆ ಬಿಡುತ್ತದೆ. ಎಳೆ ಮರಿಯ ಕರುಳಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ. ಕೊಟ್ಟಷ್ಟೂ ಒಳಗೆ ಹೋಗುತ್ತಲೇ ಇರುತ್ತದೆ. ಆಮೇಲೆ ಮೂಳೆ ಬೆಳೆಯುವ ರೀತಿಯೇ ಕೆಡುತ್ತದೆ. ಕಾಲು ಓರೆಯಾಗುತ್ತದೆ, ಕೀಲು ನೋಯುತ್ತದೆ, ಆಡಬೇಕಾದ ಮರಿ ಕುಂಟುತ್ತದೆ. ಮರಿಗಳಿಗೆಂದೇ ಮಾಡಿದ ಸಮತೋಲನದ ಡಾಗ್ ಫುಡ್ ಹಾಕುತ್ತಿದ್ದರೆ ಅದರಲ್ಲಿ ಕ್ಯಾಲ್ಸಿಯಂ ಮೊದಲೇ ಇರುತ್ತದೆ.

ಬರೀ ಮಾಂಸ ಹಾಕಿದರೂ ಕಷ್ಟವೇ. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ. ಊಟದಲ್ಲಿ ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ಅದರ ಎರಡು ಪಟ್ಟು ಮೀರಬಾರದು. ಕೊರತೆಯಾದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಮೂಳೆ ಟೊಳ್ಳಾಗುತ್ತದೆ. ಹಾಗಾಗಿ ಮನೆ ಅಡುಗೆ ಹಾಕುವವರಿಗೆ ಸಪ್ಲಿಮೆಂಟ್ ನಿಜಕ್ಕೂ ಬೇಕಾಗುತ್ತದೆ. ಯಾವುದು, ಎಷ್ಟು ಎಂಬುದನ್ನು ನಾಯಿಯ ತೂಕ, ವಯಸ್ಸು, ದಿನದ ಊಟ ನೋಡಿ ಪಶುವೈದ್ಯರು ಹೇಳಬೇಕು.

ಇನ್ನು ನಮ್ಮ ಮಾತ್ರೆಗಳು. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುತ್ತದೆ, ಜಾಸ್ತಿಯಾದರೆ ಮೈಯಲ್ಲೇ ಉಳಿಯುತ್ತದೆ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಹಾಳಾಗುತ್ತದೆ. ಮಲ್ಟಿವಿಟಮಿನ್‌ನಲ್ಲಿರುವ ಕಬ್ಬಿಣವೂ ಅಪಾಯವೇ. ಚಪ್ಪರಿಸಿ ತಿನ್ನುವ ಕೆಲವು ಸಿಹಿ ಮಾತ್ರೆಗಳಲ್ಲಿ ಕ್ಸೈಲಿಟಾಲ್ ಇರುತ್ತದೆ. ನಮಗೆ ಅದು ಬರೀ ಸಿಹಿ. ನಾಯಿಗೆ ಅದು ಹೋದರೆ ಇನ್ಸುಲಿನ್ ಒಮ್ಮೆಲೇ ಉಕ್ಕಿ ರಕ್ತದ ಸಕ್ಕರೆ ಕುಸಿಯುತ್ತದೆ. ಎಷ್ಟೋ ಸಲ ಅರ್ಧ ಗಂಟೆಯಲ್ಲೇ ಕಾಲು ತಡವರಿಸುತ್ತದೆ.

ಮಂಚದ ಕೆಳಗೆ ಹಲ್ಲಿನ ಗುರುತು ಬಿದ್ದ ಮಾತ್ರೆ ಹಾಳೆ ಸಿಕ್ಕರೆ ಅದನ್ನು ಎಸೆಯಬೇಡಿ. ಎಷ್ಟು ಮಾತ್ರೆ ಕಾಣೆಯಾಗಿವೆ ಎಂದು ಎಣಿಸಿ. ಹಾಳೆ ಕೈಯಲ್ಲೇ ಹಿಡಿದು ನಾಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ವಾಂತಿ ಶುರುವಾಗಲಿ ನೋಡೋಣ ಎಂದು ಕಾಯಬೇಡಿ.