ಸತುವಿನ ಜಾಗದಲ್ಲಿ ಕ್ಯಾಡ್ಮಿಯಂ: ಹೊಗೆ ಕಣ್ಣಿಗೆ ಮಾಡುವುದೇನು?

ಹೊಗೆಸೊಪ್ಪಿನ ಗಿಡ ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಎಂಬ ವಿಷಲೋಹವನ್ನು ಹೀರಿ ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮಣ್ಣಿನಲ್ಲಿ ಹುಳಿ ಹೆಚ್ಚಿದಷ್ಟೂ ಹೀರುವುದೂ ಹೆಚ್ಚು. ಹುಣಸೂರಿನ ಸೊಪ್ಪಾಗಲಿ, ನಿಪ್ಪಾಣಿಯ ಬೀಡಿ ತಂಬಾಕಾಗಲಿ, ಇದು ಗಿಡದ್ದೇ ಗುಣ. ಒಂದು ಸಿಗರೇಟಿನಲ್ಲಿ ಸಾಮಾನ್ಯವಾಗಿ 1ರಿಂದ 2 ಮೈಕ್ರೋಗ್ರಾಂ ಕ್ಯಾಡ್ಮಿಯಂ ಇರುತ್ತದೆ. ಅಲ್ಪವೆನಿಸಬಹುದು. ಆದರೆ ಊಟದ ಜೊತೆ ಬಂದ ಕ್ಯಾಡ್ಮಿಯಂನಲ್ಲಿ ಕರುಳು ಹೀರಿಕೊಳ್ಳುವುದು ಶೇ. 5ರ ಆಸುಪಾಸು ಮಾತ್ರ. ಶ್ವಾಸಕೋಶದ ಆಳಕ್ಕೆ ಇಳಿದದ್ದರಲ್ಲಿ ಅರ್ಧದಷ್ಟು ರಕ್ತ ಸೇರಬಲ್ಲದು. ಹಾಗಾಗಿಯೇ ಸೇದುವವರ ರಕ್ತದಲ್ಲಿ ಇದರ ಮಟ್ಟ ಉಳಿದವರಿಗಿಂತ ನಾಲ್ಕೈದು ಪಟ್ಟು ಹೆಚ್ಚಿರುತ್ತದೆ. ಮೂತ್ರಪಿಂಡದಲ್ಲಿ ಕೂತದ್ದು ಅರ್ಧಕ್ಕಿಳಿಯಲು 10ರಿಂದ 30 ವರ್ಷ ಬೇಕು.

ಕಣ್ಣಿಗೂ ಇದಕ್ಕೂ ಏನು ಸಂಬಂಧ? ದೇಹದಲ್ಲಿ ಸತು ದಟ್ಟವಾಗಿರುವ ಅಂಗಗಳಲ್ಲಿ ಕಣ್ಣಿನ ಒಳಪದರವಾದ ಅಕ್ಷಿಪಟಲವೂ ಒಂದು. ಎ ಜೀವಸತ್ವ ಅಲ್ಲಿ ಕೆಲಸ ಮಾಡಲು ಸತು ಬೇಕು. ಅದು ತೀರಾ ಕಡಿಮೆಯಾದರೆ ಇರುಳುಗುರುಡು ಬರುವುದುಂಟು. ಬೆಳಕಿನಿಂದ ಹುಟ್ಟುವ ಹಾನಿಕರ ಆಮ್ಲಜನಕ ಕಣಗಳನ್ನು ತಣಿಸುವ ಒಂದು ಮುಖ್ಯ ಕಿಣ್ವ ಸತು ಮತ್ತು ತಾಮ್ರ ಎರಡನ್ನೂ ನಂಬಿಕೊಂಡಿದೆ. ರಾಸಾಯನಿಕವಾಗಿ ಕ್ಯಾಡ್ಮಿಯಂ ಸತುವಿನ ದಾಯಾದಿ. ಸತುವನ್ನು ಹಿಡಿದಿಡುವ ಪ್ರೋಟೀನಿಗೆ ಅದು ಸತುವಿಗಿಂತ ಬಿಗಿಯಾಗಿ ಅಂಟುತ್ತದೆ, ಆದರೆ ಸತುವಿನ ಕೆಲಸ ಮಾಡುವುದಿಲ್ಲ. ಮರಣಾನಂತರ ದಾನವಾಗಿ ಬಂದ ಕಣ್ಣುಗಳನ್ನು ಪರೀಕ್ಷಿಸಿದಾಗ ಸೇದುತ್ತಿದ್ದವರ ಅಕ್ಷಿಪಟಲದ ಅಂಗಾಂಶದಲ್ಲಿ ಕ್ಯಾಡ್ಮಿಯಂ ಹೆಚ್ಚಿರುವುದು ಕಂಡುಬಂದಿದೆ. ಪೊರೆ ಬಂದು ತೆಗೆದ ಮಸೂರಗಳಲ್ಲೂ ಅಷ್ಟೇ. ಹೊಗೆಯ ಉಳಿದ ವಿಷಗಳೂ ಸೇರಿ, ಪೊರೆ ಬರುವ ಅಪಾಯ ಏರುತ್ತದೆ. ದೃಷ್ಟಿಯ ನಡುಭಾಗವನ್ನೇ ಅಳಿಸುವ ಮ್ಯಾಕ್ಯುಲಾ ಸವೆತದ ಅಪಾಯವಂತೂ ಎರಡರಿಂದ ನಾಲ್ಕು ಪಟ್ಟಾಗುತ್ತದೆ.

ರಕ್ತಪರೀಕ್ಷೆಯ ಚೀಟಿ ಇಲ್ಲಿ ಸುಲಭವಾಗಿ ದಾರಿ ತಪ್ಪಿಸುತ್ತದೆ. ದೇಹದ ಸತುವಿನಲ್ಲಿ ರಕ್ತದ್ರವದಲ್ಲಿರುವುದು ಸಾವಿರದಲ್ಲೊಂದು ಪಾಲಿನಷ್ಟೇ, ಆದ್ದರಿಂದ 'ನಾರ್ಮಲ್' ಎಂದು ಬಂದರೂ ಕಣ್ಣಿನೊಳಗೆ ಸಾಕಷ್ಟಿದೆ ಎಂದು ಹೇಳಲಾಗದು. ರಕ್ತ ತೆಗೆಯುವಾಗ ಕೆಂಪುಕಣ ಒಡೆದರೆ ಅದರೊಳಗಿನ ಸತು ಸೋರಿ ಅಂಕಿ ಸುಳ್ಳೇ ಏರುತ್ತದೆ. ಸೇದುವವರಲ್ಲಿ ತಾಮ್ರ ಹೆಚ್ಚು ಕಾಣುವುದು ಉರಿಯೂತದ ಲಕ್ಷಣ, ಒಳ್ಳೆಯ ಊಟದ್ದಲ್ಲ. ಸೆಲೆನಿಯಂ ಸಾಮಾನ್ಯವಾಗಿ ಇಳಿದಿರುತ್ತದೆ. ಇನ್ನು ಹಿಮೋಗ್ಲೋಬಿನ್: ಹೊಗೆಯ ಕಾರ್ಬನ್ ಮಾನಾಕ್ಸೈಡ್ ಅದರ ಒಂದು ಪಾಲನ್ನು ಕಟ್ಟಿಹಾಕುವುದರಿಂದ ದೇಹ ಹೆಚ್ಚು ತಯಾರಿಸುತ್ತದೆ. ಹೀಗಾಗಿ ಕಬ್ಬಿಣದ ಕೊರತೆ ಅಡಗಿಕೊಂಡುಬಿಡುತ್ತದೆ. ದಿನಕ್ಕೆಷ್ಟು ಸೇದುತ್ತಾರೆ ಎಂಬುದನ್ನು ನೋಡಿ ಡೆಸಿಲೀಟರಿಗೆ 0.3 ಗ್ರಾಂ ಅಥವಾ ಇನ್ನೂ ಹೆಚ್ಚು ಕಳೆದೇ ಓದಬೇಕು. ಲ್ಯಾಬಿನವರು ಕೇಳದಿದ್ದರೂ ಸೇದುತ್ತೀರೆಂಬುದನ್ನು ವೈದ್ಯರಿಗೆ ಹೇಳಿ.

ಹಾಗಾದರೆ ಮೆಡಿಕಲ್ ಶಾಪಿನಿಂದ ಕಣ್ಣಿನ ಮಾತ್ರೆ ತಂದು ನುಂಗಿದರಾಯಿತೇ? ಇದು ನಿಜಕ್ಕೂ ಅಪಾಯದ ಜಾಗ. ಅಮೆರಿಕದಲ್ಲಿ 2001ರಲ್ಲಿ ಫಲಿತಾಂಶ ಬಂದ, ಮ್ಯಾಕ್ಯುಲಾ ಸವೆತದ ಮೇಲಿನ ದೊಡ್ಡ ಅಧ್ಯಯನದ ಮಾತ್ರೆಯ ಸೂತ್ರದಲ್ಲಿ 80 ಮಿಲಿಗ್ರಾಂ ಸತು, 2 ಮಿಲಿಗ್ರಾಂ ತಾಮ್ರ, ಸಿ ಮತ್ತು ಇ ಜೀವಸತ್ವ, 15 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ (ಕ್ಯಾರೆಟ್‌ಗೆ ಬಣ್ಣ ಕೊಡುವ, ದೇಹದಲ್ಲಿ ಎ ಜೀವಸತ್ವವಾಗುವ ವಸ್ತು) ಇದ್ದವು. ಅಷ್ಟೊಂದು ಸತು ಕರುಳಿನಲ್ಲಿ ತಾಮ್ರವನ್ನು ತಡೆದು ರಕ್ತಹೀನತೆ ತರಬಹುದೆಂದೇ ತಾಮ್ರ ಸೇರಿಸಿದ್ದು. ಆದರೆ ಸೇದುವವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ್ದು ಫಿನ್‌ಲೆಂಡಿನ ಅಧ್ಯಯನದಲ್ಲಿ 1994ರಲ್ಲೇ ಬಯಲಾಗಿತ್ತು. 2013ರ ಹೊಸ ಸೂತ್ರದಲ್ಲಿ ಅದರ ಬದಲು 10 ಮಿಲಿಗ್ರಾಂ ಲ್ಯೂಟೀನ್, 2 ಮಿಲಿಗ್ರಾಂ ಝಿಯಾಕ್ಸಾಂಥಿನ್ ಎಂಬ, ಸೊಪ್ಪಿನಲ್ಲೂ ಸಿಗುವ ಹಳದಿ ವರ್ಣವಸ್ತುಗಳು ಬಂದಿವೆ. ಸೇದುವವರು, ಸೇದಿ ಬಿಟ್ಟವರು ಡಬ್ಬಿಯ ಹಿಂದಿನ ಪಟ್ಟಿ ಓದಿ, ಬೀಟಾ ಕ್ಯಾರೊಟಿನ್ ಇದ್ದರೆ ವಾಪಸು ಕೊಡಿ. ಕ್ಯಾರೆಟ್, ಸೊಪ್ಪು ತಿನ್ನಲು ಅಡ್ಡಿಯಿಲ್ಲ. ಈ ಸೂತ್ರದಿಂದ ಪ್ರಯೋಜನ ಕಂಡದ್ದೂ ಮಧ್ಯಮ ಹಂತದ ಸವೆತ ಇದ್ದವರಲ್ಲಿ, ಅಥವಾ ಒಂದು ಕಣ್ಣಿಗೆ ತೀವ್ರ ಸವೆತ ಬಂದವರಲ್ಲಿ ಮಾತ್ರ.

ಐವತ್ತು ದಾಟಿದವರು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಚೌಕುಳಿ ಗೆರೆಯ ಹಾಳೆಯ ನಡುವೆ ಒಂದು ಚುಕ್ಕಿ ಇಡಿ. ಓದುವ ಕನ್ನಡಕ ಹಾಕಿಕೊಂಡು, ಮೊಳಕ್ಕಿಂತ ತುಸು ಹತ್ತಿರ, ಅಂದರೆ 30ರಿಂದ 35 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕಿಯನ್ನೇ ನೋಡಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ಕೊರತೆಯನ್ನು ಮುಚ್ಚಿಹಾಕುತ್ತದೆ. ಗೆರೆ ಬಾಗಿದಂತೆ, ಎಲ್ಲಾದರೂ ಅಳಿಸಿದಂತೆ ಹೊಸದಾಗಿ ಕಂಡರೆ ಕೆಲವೇ ದಿನಗಳೊಳಗೆ ಅಕ್ಷಿಪಟಲದ ತಜ್ಞರಿಗೆ ತೋರಿಸಿ. ರಕ್ತನಾಳ ಸೋರುವ ಬಗೆಯ ಸವೆತವಾದರೆ ಕಣ್ಣಿಗೆ ಕೊಡುವ ಇಂಜೆಕ್ಷನ್ ಎಷ್ಟು ಬೇಗ ಶುರುವಾಗುತ್ತದೋ ಅಷ್ಟು ದೃಷ್ಟಿ ಉಳಿಯುತ್ತದೆ.