ಗಿಡ್ಡ ರಿಸೀವರ್, ಸಣಕಲ ರಿಸೀವರ್: ಎನ್‌ಎಫ್‌ಎಲ್ ಡ್ರಾಫ್ಟ್ ಓದುವವರಿಗೆ ಒಂದು ಟಿಪ್ಪಣಿ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಹತ್ತಿರ ಬಂದಾಗಲೆಲ್ಲ, ಎಸೆದ ಚೆಂಡನ್ನು ಹಿಡಿಯುವ ವೈಡ್ ರಿಸೀವರ್‌ಗಳ ವರದಿಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸುತ್ತದೆ: ಆಟ ಚೆನ್ನಾಗಿದೆ, ಮೈಕಟ್ಟು ಸಾಲದು. ಸ್ಕೌಟಿಂಗ್ (ಆಟಗಾರರನ್ನು ಅಳೆದು ವರದಿ ಬರೆಯುವ ಕೆಲಸ) ಕಲಿಯಲು ಹೊರಟವರು ಎಡವುವುದು ಇಲ್ಲೇ. ಆ ‘ಸಾಲದು’ ಎಂಬುದರೊಳಗೆ ಎರಡು ಬೇರೆ ಬೇರೆ ದೂರುಗಳಿವೆ. ಒಬ್ಬ ಗಿಡ್ಡ, ಇನ್ನೊಬ್ಬ ಸಣಕಲ.

ಇಬ್ಬರು ಸ್ಮಿತ್‌ಗಳನ್ನು ಎದುರುಬದುರು ಇಟ್ಟು ನೋಡಿ. 2001ರಲ್ಲಿ ಕ್ಯಾರೊಲಿನಾ ಪ್ಯಾಂಥರ್ಸ್ ಮೂರನೇ ಸುತ್ತಿನಲ್ಲಿ, 74ನೆಯವನಾಗಿ ಆರಿಸಿಕೊಂಡ ಸ್ಟೀವ್ ಸ್ಮಿತ್ ಎತ್ತರ 5 ಅಡಿ 9 ಇಂಚು, ತೂಕ 185 ಪೌಂಡ್, ಅಂದರೆ ಸುಮಾರು 84 ಕೆಜಿ. ಗಿಡ್ಡ ನಿಜ, ಆದರೆ ಗಟ್ಟಿ ಆಳು. 2021ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಹತ್ತನೆಯವನಾಗಿ ಆರಿಸಿದ ಡೆವೊಂಟಾ ಸ್ಮಿತ್ ಆರು ಅಡಿ ಎತ್ತರದವನು, ತೂಕ ಮಾತ್ರ 170 ಪೌಂಡಿನ ಆಸುಪಾಸು, 77 ಕೆಜಿ. ಒಬ್ಬನ ಬಗ್ಗೆ ಕೇಳಬೇಕಾದ್ದು ಎತ್ತರದ ಚೆಂಡಿಗೆ ಕೈ ಎಟುಕುತ್ತದೆಯೇ ಎಂದು. ಇನ್ನೊಬ್ಬನ ಬಗ್ಗೆ ಕೇಳಬೇಕಾದ್ದು ಎದುರಾಳಿ ಎದೆಗೆ ಕೈಕೊಟ್ಟು ತಳ್ಳಿದರೆ ನಿಲ್ಲುತ್ತಾನೆಯೇ ಎಂದು. ಇವೆರಡನ್ನೂ ಒಂದೇ ಖಾನೆಯಲ್ಲಿ ತುಂಬಿದ ವರದಿಯನ್ನು ನಾನು ಮುಂದೆ ಓದುವುದಿಲ್ಲ.

ಅಳತೆ ಓದುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ, ಡ್ರಾಫ್ಟ್‌ಗೆ ಮುಂಚಿನ ಪರೀಕ್ಷಾ ಶಿಬಿರ ಕಂಬೈನ್‌ನ ಪಟ್ಟಿಗಳಲ್ಲಿ ಎತ್ತರ ನಾಲ್ಕು ಅಂಕಿಯಲ್ಲಿರುತ್ತದೆ. 5091 ಎಂದಿದ್ದರೆ ಮೊದಲ ಅಂಕಿ ಅಡಿ, ಮುಂದಿನ ಎರಡು ಇಂಚು, ಕೊನೆಯದು ಇಂಚಿನ ಎಂಟನೇ ಭಾಗಗಳು: 5 ಅಡಿ 9 ಇಂಚು, ಮೇಲೆ ಎಂಟನೇ ಒಂದು ಭಾಗ. ಕಾಲೇಜು ತಂಡಗಳು ತಮ್ಮ ಪಟ್ಟಿಯಲ್ಲಿ ಕೊಡುವ ಎತ್ತರ ಸಾಮಾನ್ಯವಾಗಿ ಉದಾರವಾಗಿರುತ್ತದೆ, ಅದನ್ನು ಬದಿಗಿಡಿ. ತೋಳಿನ ಉದ್ದವನ್ನು ಮಾತ್ರ ಬಿಡಬೇಡಿ. ಉದ್ದ ತೋಳಿನ ಗಿಡ್ಡನಿಗೆ ಒಂದೆರಡು ಇಂಚು ಎತ್ತರ ಸಾಲ ಸಿಕ್ಕ ಹಾಗೆ. ತೂಕ ಒಂದು ದಿನದ ಲೆಕ್ಕ. ಅದರ ಮೇಲೆ ಹೆಚ್ಚು ಭಾರ ಹಾಕುವುದು ಬೇಡ.

ಲೈನಿನ ಮೇಲೆ ನಿಲ್ಲುವವನು, ಹಿಂದೆ ನಿಲ್ಲುವವನು

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಚೆಂಡು ಆಟಕ್ಕೆ ಬರುವ ಹೊತ್ತಿಗೆ ಆಕ್ರಮಣ ತಂಡದ ಏಳು ಮಂದಿ ಸ್ಕ್ರಿಮೇಜ್ ಲೈನಿನ (ಚೆಂಡು ಇಟ್ಟ ಜಾಗದ ಅಡ್ಡ ಗೆರೆ) ಮೇಲೆ ಇರಲೇಬೇಕು. ಹಾಗಾಗಿ ಹೊರಗಿನ ಒಬ್ಬ ರಿಸೀವರ್ ಲೈನಿಗೆ ಅಂಟಿಯೇ ನಿಲ್ಲುತ್ತಾನೆ. ಕೋಚ್‌ಗಳು ಇವನನ್ನು ‘ಎಕ್ಸ್’ ಎನ್ನುತ್ತಾರೆ. ಇನ್ನೊಂದು ಬದಿಯ ‘ಝಡ್’, ಒಳಗೆ ನಿಲ್ಲುವ ‘ಸ್ಲಾಟ್’ ಇಬ್ಬರೂ ಒಂದು ಹೆಜ್ಜೆ ಹಿಂದೆ ನಿಲ್ಲಬಹುದು, ಆಟ ಶುರುವಾಗುವ ಮುಂಚೆಯೇ ಅಡ್ಡಕ್ಕೆ ಓಡುತ್ತಲೂ ಇರಬಹುದು.

ಆ ಒಂದು ಹೆಜ್ಜೆಗೆ ಯಾಕಿಷ್ಟು ಬೆಲೆ? ಕಾರ್ನರ್‌ಬ್ಯಾಕ್ (ರಿಸೀವರ್‌ನನ್ನು ಕಾಯುವ ರಕ್ಷಣಾ ಆಟಗಾರ) ಎದುರಿಗೇ ಬಂದು ನಿಂತು ಮೊದಲ ಐದು ಗಜದೊಳಗೆ ರಿಸೀವರ್‌ನನ್ನು ಕೈಯಿಂದ ತಡೆಯಲು ನಿಯಮದಲ್ಲಿ ಅವಕಾಶವಿದೆ. ಇದೇ ಪ್ರೆಸ್. ಐದು ಗಜ ದಾಟಿದ ಮೇಲೆ ಮುಟ್ಟಿ ತಡೆದರೆ ದಂಡ. ಈ ಮಿತಿ ಬಂದದ್ದು 1978ರಲ್ಲಿ, ಅದನ್ನು ಬಿಗಿಯಾಗಿ ಜಾರಿ ಮಾಡಿದ್ದು 2004ರಿಂದ. ಹಗುರ ಆಟಗಾರರಿಗೆ ಲೀಗಿನ ಬಾಗಿಲು ಇಷ್ಟು ತೆರೆದದ್ದಕ್ಕೆ ಈ ನಿಯಮದಷ್ಟು ದೊಡ್ಡ ಕಾರಣ ಬೇರೆ ಇಲ್ಲವೆಂದೇ ನನ್ನ ಎಣಿಕೆ. ಹಾಗಾದರೆ ಉಳಿದದ್ದು ಮೊದಲ ಐದು ಗಜ. ಎಕ್ಸ್ ಜಾಗದಲ್ಲಿ ಅದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸ್ಲಾಟ್‌ನಲ್ಲಿ ಎಡಕ್ಕೂ ಬಲಕ್ಕೂ ಜಾಗವಿದೆ, ಎದುರಾಳಿಯ ಕೈಗೆ ಸಿಗದೆ ಜಾರಬಹುದು.

ಆದ್ದರಿಂದಲೇ ಗಿಡ್ಡ ರಿಸೀವರ್ ಎಂದ ಕೂಡಲೇ ‘ಇವನು ಸ್ಲಾಟ್ ಆಟಗಾರ’ ಎಂದು ಬರೆದು ಕೈತೊಳೆದುಕೊಳ್ಳುವ ಚಾಳಿ. ಕೆಲವರಿಗೆ ಅದು ಸರಿ. ಟೆಕ್ಸಾಸ್ ಟೆಕ್‌ನ ವೆಸ್ ವೆಲ್ಕರ್‌ಗೆ 2004ರಲ್ಲಿ ಕಂಬೈನ್‌ನ ಕರೆಯೂ ಬರಲಿಲ್ಲ, ಡ್ರಾಫ್ಟ್‌ನಲ್ಲಿ ಯಾರೂ ಆರಿಸಲೂ ಇಲ್ಲ. 2007ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಬಂದ ಮೇಲೆ ಆರು ಋತುಗಳಲ್ಲಿ ಐದು ಬಾರಿ ನೂರಕ್ಕಿಂತ ಹೆಚ್ಚು ಕ್ಯಾಚ್ ಹಿಡಿದ, ಬಹುಪಾಲು ಸ್ಲಾಟ್‌ನಿಂದಲೇ. ಆದರೆ ಸ್ಟೀವ್ ಸ್ಮಿತ್ ಹೊರಗೇ ನಿಂತು, ತನಗಿಂತ ದೊಡ್ಡ ಕಾರ್ನರ್‌ಗಳ ಜೊತೆ ಕೈಕೈ ಮಿಲಾಯಿಸಿ, 2005ರಲ್ಲಿ 103 ಕ್ಯಾಚ್, 1,563 ಗಜ, 12 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸುವುದು) ಗಳಿಸಿದ. ಮೂರರಲ್ಲೂ ಆ ವರ್ಷ ಅವನಿಗಿಂತ ಮುಂದೆ ಯಾರೂ ಇರಲಿಲ್ಲ. ಇಬ್ಬರ ಎತ್ತರವೂ ಒಂದೇ; ಆಡಿದ ಜಾಗಗಳು ಬೇರೆ.

ಹಾಗಾಗಿ ವೀಡಿಯೊ ನೋಡುವಾಗ ನಾನು ಮೊದಲು ಹುಡುಕುವುದು ಪ್ರೆಸ್ ಎದುರಿಸಿದ ಆಟಗಳನ್ನು. ಟಚ್‌ಡೌನ್‌ಗಳ ತುಣುಕು ಆಮೇಲೆ. ಪಾದ ಎಷ್ಟು ಬೇಗ ಎತ್ತುತ್ತಾನೆ, ಎದುರಾಳಿಯ ಕೈಯನ್ನು ತನ್ನ ಕೈಯಿಂದ ಹೊಡೆದು ಸರಿಸುತ್ತಾನೆಯೇ, ಒಮ್ಮೆ ತಡೆಸಿಕೊಂಡ ಮೇಲೆ ರೂಟ್ (ಮೊದಲೇ ಗೊತ್ತುಮಾಡಿದ ಓಟದ ದಾರಿ) ಮತ್ತೆ ಹಳಿಗೆ ಬರುತ್ತದೆಯೇ? ಕಾಲೇಜಿನಲ್ಲಿ ಪ್ರೆಸ್ ಎದುರಿಸಿದ ಸಂದರ್ಭವೇ ಹತ್ತಿಪ್ಪತ್ತು ಸಿಗದಿದ್ದರೆ ಅದನ್ನೂ ಬರೆದಿಡಿ. ಕೋಚ್ ಅವನನ್ನು ಅಲ್ಲಿ ನಿಲ್ಲಿಸಲೇ ಇಲ್ಲ ಎಂಬುದೂ ಮಾಹಿತಿಯೇ.

ವೇಗದ ಆಸೆ

ಚಿಕ್ಕ ಮೈಗೆ ವೇಗವೇ ಪರಿಹಾರ ಎಂಬ ನಂಬಿಕೆ ತಂಡಗಳಿಗೆ ಬಹಳ ದುಬಾರಿಯಾಗಿದೆ. ಇದನ್ನು ಲೆಕ್ಕ ಮಾಡಿಯೇ ನೋಡೋಣ. ಬಿಲ್ ಬಾರ್ನ್‌ವೆಲ್ ಎಂಬ ಬರಹಗಾರ, ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್‌ಗಳಿಗೆಂದು ಮಾಡಿದ ‘ಸ್ಪೀಡ್ ಸ್ಕೋರ್’ ಇದೆ: ತೂಕವನ್ನು (ಪೌಂಡ್‌ನಲ್ಲಿ) 200ರಿಂದ ಗುಣಿಸಿ, 40 ಗಜ ಓಟದ ಸಮಯದ ನಾಲ್ಕನೇ ಘಾತದಿಂದ ಭಾಗಿಸಬೇಕು. 100 ಬಂದರೆ ಸುಮಾರಾಗಿ ಸರಾಸರಿ. ಅದನ್ನೇ ರಿಸೀವರ್‌ಗಳಿಗೆ ಹಾಕಿ ನೋಡುವವರು ಬೇಕಾದಷ್ಟು ಜನ.

2017ರ ಜಾನ್ ರಾಸ್: 188 ಪೌಂಡ್, 4.22 ಸೆಕೆಂಡ್, ಆಗಿನ ಕಂಬೈನ್ ದಾಖಲೆ. ಲೆಕ್ಕ ಹಾಕಿದರೆ 119 ಹತ್ತಿರ. 2023ರ ಝೇ ಫ್ಲವರ್ಸ್: 182 ಪೌಂಡ್, 4.42, ಸುಮಾರು 95. ಅದೇ ವರ್ಷದ ಟ್ಯಾಂಕ್ ಡೆಲ್: 165 ಪೌಂಡ್, 4.49, ಬರೀ 81. ಸೂತ್ರದ ಮಾತು ಕೇಳಿದರೆ ರಾಸ್ ಮೊದಲು, ಡೆಲ್ ಕೊನೆ. ಸಿನ್ಸಿನಾಟಿ ಬೆಂಗಲ್ಸ್ ರಾಸ್‌ನನ್ನು ಒಂಬತ್ತನೆಯವನಾಗಿ ಆರಿಸಿತು. ಗಾಯಗಳೂ ಸೇರಿ ಅವನ ಇಡೀ ವೃತ್ತಿಜೀವನದ ಗಳಿಕೆ ಸಾವಿರ ಗಜ ಮುಟ್ಟಲಿಲ್ಲ. 69ನೆಯವನಾಗಿ ಹ್ಯೂಸ್ಟನ್ ಟೆಕ್ಸನ್ಸ್ ಸೇರಿದ ಡೆಲ್, ಮೊದಲ ವರ್ಷ ಪೂರ್ತಿ ಆಡದೆಯೂ 709 ಗಜ, ಏಳು ಟಚ್‌ಡೌನ್ ತಂದ. 22ನೆಯವನಾಗಿ ಬಾಲ್ಟಿಮೋರ್ ಸೇರಿದ ಫ್ಲವರ್ಸ್ ಎರಡನೇ ವರ್ಷ 1,059 ಗಜ ಗಳಿಸಿದ. ಮೂರು ಹೆಸರಿನಿಂದ ಸಿದ್ಧಾಂತ ಕಟ್ಟಲಾಗದು, ಒಪ್ಪುತ್ತೇನೆ. ಆದರೆ ಸೂತ್ರ ಎಲ್ಲಿ ಕುರುಡು ಎಂಬುದಕ್ಕೆ ಇಷ್ಟು ಸಾಕು. ನೇರ ಓಡುವ ವೇಗ ಅದಕ್ಕೆ ಕಾಣುತ್ತದೆ, ಓಡುತ್ತಿದ್ದವನು ಥಟ್ಟನೆ ನಿಂತು ತಿರುಗುವುದು ಕಾಣುವುದಿಲ್ಲ.

ಡೆಲ್ ವಿಷಯದಲ್ಲಿ ಅದು ಕಂಡದ್ದು ಅಲಬಾಮಾದ ಮೊಬೀಲ್‌ನಲ್ಲಿ, ಕಾಲೇಜು ಆಟಗಾರರ ಪ್ರದರ್ಶನ ಪಂದ್ಯ ಸೀನಿಯರ್ ಬೌಲ್‌ನ ಅಭ್ಯಾಸದ ದಿನಗಳಲ್ಲಿ. ಒಬ್ಬರಿಗೊಬ್ಬರು ಎದುರಾಗುವ ಕಸರತ್ತಿನಲ್ಲಿ ಕಾರ್ನರ್‌ಗಳಿಗೆ ಅವನ ಜಾಡು ಹಿಡಿಯುವುದೇ ಕಷ್ಟವಾಗಿತ್ತು. ಆ ಕಸರತ್ತು ರಿಸೀವರ್‌ಗೆ ಅನುಕೂಲವಾದದ್ದು ಎಂಬುದು ನೆನಪಿರಲಿ: ಜಾಗ ಧಾರಾಳ, ಮಧ್ಯದಲ್ಲಿ ಬಂದು ಅಪ್ಪಳಿಸುವ ಸೇಫ್ಟಿ (ಹಿಂದೆ ಕಾಯುವ ರಕ್ಷಣಾ ಆಟಗಾರ) ಇರುವುದಿಲ್ಲ. ಆದರೂ ನಿಲ್ಲುವ, ತಿರುಗುವ ಗುಣ ಸುಳ್ಳು ಹೇಳುವುದಿಲ್ಲ.

ಗಾಯದ ಮಾತಿಗೂ ಡೆಲ್ ಒಳ್ಳೆಯ ಪಾಠ. 2023ರ ಡಿಸೆಂಬರ್‌ನಲ್ಲಿ ಅವನ ಕಾಲಿನ ಮೂಳೆ ಮುರಿದದ್ದು ಕ್ಯಾಚ್ ಹಿಡಿಯುವಾಗ ಅಲ್ಲ, ಗೋಲ್ ಲೈನ್ ಹತ್ತಿರ ಬ್ಲಾಕ್ ಮಾಡಲು (ಎದುರಾಳಿಯನ್ನು ಮೈಯಿಂದ ತಡೆಯಲು) ಹೋಗಿ ದೊಡ್ಡ ಆಳುಗಳ ರಾಶಿಯಡಿ ಸಿಕ್ಕಾಗ. ‘ಹಗುರ ಮೈ, ಮುರಿಯಿತು’ ಎನ್ನುವವರು ಇದನ್ನೇ ಸಾಕ್ಷಿ ಮಾಡಿಕೊಂಡರು. ನನಗೆ ಕಾಣುವುದು ಬೇರೆ: 75 ಕೆಜಿಯವನನ್ನು ಆ ಜಾಗದಲ್ಲಿ ನಿಲ್ಲಿಸಿದ್ದು ಯಾರ ನಿರ್ಧಾರ? ವರದಿಯಲ್ಲಿ ‘ಗಾಯದ ಭಯ’ ಎಂದು ಒಂದೇ ಮಾತು ಬರೆಯುವ ಬದಲು, ಇವನಿಂದ ಯಾವ ಕೆಲಸ ಮಾಡಿಸಬಾರದು ಎಂದು ಬರೆದರೆ ತಂಡಕ್ಕೆ ಉಪಯೋಗ.

ಬೆಲೆ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆ ಸ್ಕೌಟ್‌ಗೆ ಅಪಾಯಕಾರಿ, ಏಕೆಂದರೆ ಅದು ಕೀರ್ತಿ ಬಂದವರನ್ನು ಮಾತ್ರ ಎಣಿಸುತ್ತದೆ. ಸ್ಟೀವ್ ಸ್ಮಿತ್, ವೆಲ್ಕರ್, 2010ರ ಆರನೇ ಸುತ್ತಿನ ಆಂಟೋನಿಯೊ ಬ್ರೌನ್ ಹೆಸರುಗಳು ಎಲ್ಲರ ಬಾಯಲ್ಲೂ ಇವೆ. ಅದೇ ಅಳತೆಯ, ಅಭ್ಯಾಸ ಶಿಬಿರದಲ್ಲೇ ಮನೆಗೆ ಹೋದವರ ಹೆಸರು ಯಾರಿಗೂ ಗೊತ್ತಿಲ್ಲ. ಮೊದಲ ಮೂವರನ್ನು ತೋರಿಸಿ ಈ ವರ್ಷದ ಗಿಡ್ಡನೂ ಗೆಲ್ಲುತ್ತಾನೆ ಎನ್ನುವುದು ವಾದವಲ್ಲ. ಇನ್ನೊಂದು ಮಾತು: ಆ ಮೂವರೂ ಅಗ್ಗಕ್ಕೆ ಸಿಕ್ಕವರು. ಸೋತಿದ್ದರೂ ತಂಡ ಮುಳುಗುತ್ತಿರಲಿಲ್ಲ.

ಟೇವನ್ ಆಸ್ಟಿನ್ ಕಥೆ ಹಾಗಲ್ಲ. 5 ಅಡಿ 8 ಇಂಚು ಚಿಲ್ಲರೆ, 174 ಪೌಂಡ್, 4.34 ಸೆಕೆಂಡ್. ವೆಸ್ಟ್ ವರ್ಜೀನಿಯಾ ಪರ 2012ರಲ್ಲಿ ಒಕ್ಲಹೋಮಾ ವಿರುದ್ಧದ ಒಂದೇ ಪಂದ್ಯದಲ್ಲಿ ಚೆಂಡು ಹಿಡಿದು ಓಡಿಯೇ 344 ಗಜ ಗಳಿಸಿದವನು. ನೋಡಿದವರ ತಲೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. 2013ರ ಡ್ರಾಫ್ಟ್‌ನಲ್ಲಿ ರ‍್ಯಾಮ್ಸ್ ತಂಡ 16ರಿಂದ 8ನೇ ಜಾಗಕ್ಕೆ ಏರಲು ಬೆಲೆ ತೆತ್ತು ಅವನನ್ನು ತಂದಿತು. ರಿಸೀವರ್ ಆಗಿ ಅವನು ಯಾವ ವರ್ಷವೂ 600 ಗಜ ಮುಟ್ಟಲಿಲ್ಲ. ಕಾಲೇಜಿನ ಆ 344 ಗಜಗಳನ್ನು ಮತ್ತೊಮ್ಮೆ ನೋಡಿ: ಚೆಂಡನ್ನು ಅವನ ಕೈಗೇ ಇಟ್ಟು, ಮುಂದೆ ಬಯಲು ಬಿಟ್ಟುಕೊಟ್ಟ ಆಟಗಳವು. ತಾನೇ ರೂಟ್ ಓಡಿ, ಕಾರ್ನರ್‌ನಿಂದ ಬಿಡಿಸಿಕೊಂಡು ಗಳಿಸಿದ ಗಜವೆಷ್ಟು, ತಂಡ ಕೈಗಿಟ್ಟು ಕೊಟ್ಟ ಗಜವೆಷ್ಟು? ಹೀಗೆ ಕೈಗಿಟ್ಟು ಕೊಡುವ ಸ್ಕ್ರೀನ್ ಪಾಸ್, ಸ್ವೀಪ್‌ಗಳನ್ನು ಕಳೆದು ಉಳಿದದ್ದನ್ನು ಬೇರೆ ಖಾನೆಯಲ್ಲಿ ಬರೆಯಿರಿ. ಈ ಒಂದು ಅಭ್ಯಾಸ ರೂಢಿಯಾದರೆ ಅರ್ಧ ಮೋಸ ತಪ್ಪುತ್ತದೆ.

ಕೊನೆಗೆ, ಇನ್ನೂ ಇತ್ಯರ್ಥವಾಗದ ಒಂದು ಪ್ರಕರಣ. ನೀವೇ ಅಭ್ಯಾಸಕ್ಕೆ ತೆಗೆದುಕೊಳ್ಳಬಹುದು. ಝೇವಿಯರ್ ವರ್ಥಿ, 165 ಪೌಂಡ್, 2024ರಲ್ಲಿ 4.21 ಓಡಿ ರಾಸ್ ದಾಖಲೆ ಮುರಿದವನು, ಕಾನ್ಸಸ್ ಸಿಟಿ ಚೀಫ್ಸ್ ಅವನನ್ನು 28ನೆಯವನಾಗಿ ಆರಿಸಿತು. 2025ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಲೀಗಿನ ಅಂತಿಮ ಪಂದ್ಯ ಸೂಪರ್ ಬೌಲ್‌ನಲ್ಲಿ ಎಂಟು ಕ್ಯಾಚ್, 157 ಗಜ, ಎರಡು ಟಚ್‌ಡೌನ್. ಅಂಕಿ ನೋಡಿದರೆ ಪ್ರಶ್ನೆಯೇ ಉಳಿಯದು. ಆದರೆ ಮೊದಲಾರ್ಧದಲ್ಲಿ ಚೀಫ್ಸ್‌ನ ಇಡೀ ಆಕ್ರಮಣ ಗಳಿಸಿದ್ದು 23 ಗಜ. ವರ್ಥಿಯ ಮೊದಲ ಟಚ್‌ಡೌನ್ ಬರುವ ಹೊತ್ತಿಗೆ ಈಗಲ್ಸ್ 34-0 ಮುಂದಿತ್ತು. ಆ 34ನ್ನು ಪೂರ್ತಿ ಮಾಡಿದ 46 ಗಜದ ಪಾಸ್ ಹಿಡಿದವನು ಇನ್ನೊಬ್ಬ ಸಣಕಲ, ಡೆವೊಂಟಾ ಸ್ಮಿತ್. ಎರಡೂ ಟಚ್‌ಡೌನ್‌ಗಳನ್ನು ನಿಧಾನಗತಿಯಲ್ಲಿ ಹಾಕಿಕೊಂಡು, ಎದುರಿಗಿದ್ದ ಕಾರ್ನರ್ ಎಷ್ಟು ಗಜ ದೂರದಲ್ಲಿ ನಿಂತಿದ್ದ ಎಂಬುದರಿಂದ ನಿಮ್ಮ ವರದಿ ಶುರು ಮಾಡಿ.